ಮೂರು ಮೀಟರ್ ನೆಲ

ಅವಳು ಸ್ಟಾಪ್‌ವಾಚಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು "ಏಳಿ" ಎನ್ನುವಷ್ಟರಲ್ಲಿ ಮಾಸ್ಟರು ಎದ್ದು ಎರಡು ಹೆಜ್ಜೆ ಹಾಕಿಯಾಗಿತ್ತು.

"ಮಾಸ್ಟ್ರೇ, ವಾಪಸ್ ಬನ್ನಿ. ನಾನು ಹೇಳೋಕೆ ಮುಂಚೆ ಎದ್ರೆ ಅದು ಲೆಕ್ಕಕ್ಕಿಲ್ಲ."

"ನೀನು ಗುಂಡಿ ಹುಡುಕೋಷ್ಟರಲ್ಲಿ ನಾನು ಹೋಗಿ ಬಂದು ಕೂತಿರ್ತೀನಿ ಬಿಡಮ್ಮ," ಎನ್ನುತ್ತ ಅವರು ಕುರ್ಚಿಗೆ ಮರಳಿದರು. ಪ್ಯಾಂಟನ್ನು ಮೊಣಕಾಲಿನ ಬಳಿ ಎರಡು ಬೆರಳಲ್ಲಿ ಚೂರೇ ಮೇಲೆತ್ತಿ ಕೂತರು. ಐವತ್ತು ವರ್ಷ ಊರಿನವರ ಪ್ಯಾಂಟು ಹೊಲಿದವರು. ತಮ್ಮ ಪ್ಯಾಂಟಿನ ಇಸ್ತ್ರಿ ಮುರಿಯಬಾರದು.

ಗೋಡೆಗುಂಟ ಕೂತಿದ್ದ ಹತ್ತು ಮಂದಿ ನಕ್ಕರು. "ಬಸ್ಸು ನಿಲ್ಲೋಕೆ ಮುಂಚೆ ಇಳಿಯೋ ಗಿರಾಕಿ ಇವ್ನು. ನನ್ನ ಬಸ್ಸಲ್ಲಾಗಿದ್ರೆ ಕಾಲರ್ ಹಿಡಿದು ಕೂರಿಸ್ತಿದ್ದೆ," ಎಂದರು ಕಂಡಕ್ಟರು. ಅವರಿಗೆ ಎಪ್ಪತ್ತಾರು. ಓಡುವ ಬಸ್ಸಿನಲ್ಲಿ ಮೂವತ್ನಾಲ್ಕು ವರ್ಷ ನಿಂತವರು, ನಿಂತ ಜಾಗದಿಂದ ಅಲುಗಾಡದ ಸ್ವಂತ ಮನೆಯಲ್ಲಿ ಬಿದ್ದು ಇಲ್ಲಿಗೆ ಬಂದಿದ್ದರು. ಇಲ್ಲಿಗೆ ಬಂದವರೆಲ್ಲ ಬಿದ್ದವರೇ. ಬೀದಿಯ ಆರೋಗ್ಯ ಕೇಂದ್ರದ ಹಿಂಬದಿಯ ದೊಡ್ಡ ಕೋಣೆಯಲ್ಲಿ, ಇನ್ನೊಮ್ಮೆ ಬೀಳದಿರುವುದು ಹೇಗೆಂದು ವಾರಕ್ಕೆರಡು ದಿನ ಅವಳು ಹೇಳಿಕೊಡುತ್ತಿದ್ದಳು.

ತಿಂಗಳಿಗೊಮ್ಮೆ ಪರೀಕ್ಷೆ. ಕೈಯಿರುವ ಕುರ್ಚಿಯಿಂದ ಏಳಬೇಕು. ಮೂರು ಮೀಟರ್ ದೂರದಲ್ಲಿ ಅಂಟಿಸಿದ ಕೆಂಪು ಪಟ್ಟಿಯವರೆಗೆ ನಡೆಯಬೇಕು, ತಿರುಗಬೇಕು, ಮರಳಿ ಬಂದು ಕೂರಬೇಕು. ಹನ್ನೆರಡು ಸೆಕೆಂಡಿನೊಳಗೆ ಕೂತರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾದಷ್ಟೂ ಬೀಳುವ ಭಯ ಹೆಚ್ಚು. ಸೊಂಟದ ಎಡಗಡೆಯ ಮೂಳೆ ಮುರಿದು, ಒಳಗೆ ಲೋಹ ಕೂರಿಸಿಕೊಂಡು, ಮಾಸ್ಟರು ಮೊದಲ ಸಲ ಈ ಕುರ್ಚಿಯಿಂದ ಎದ್ದಾಗ ಇಪ್ಪತ್ತಾರು ಸೆಕೆಂಡಾಗಿತ್ತು. ಅದಾಗಿ ಆರು ತಿಂಗಳು.

ಈ ದಿನ ಬಾಗಿಲ ಬಳಿ ಅವರ ಮಗಳೂ ನಿಂತಿದ್ದಳು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಬ್ಯಾಗನ್ನು ಹೆಗಲಿನಿಂದ ಇಳಿಸಿರಲಿಲ್ಲ. ಅಪ್ಪ ಮಗಳ ನಡುವೆ ಒಂದು ಮಾತಾಗಿತ್ತು. ಹನ್ನೆರಡರೊಳಗೆ ಬಂದು, ಒಬ್ಬರೇ ಓಡಾಡಬಹುದೆಂದು ಕೇಂದ್ರದಿಂದ ಸಹಿ ಸಿಕ್ಕರೆ, ಮನೆಯ ಕೆಳಗಿನ ಹೊಲಿಗೆ ಅಂಗಡಿಯ ಬೀಗ ಮತ್ತೆ ತೆಗೆಯುವುದು. ಇಲ್ಲದಿದ್ದರೆ ಈ ತಿಂಗಳ ಕೊನೆಗೆ ಅಂಗಡಿ ಬಿಟ್ಟುಕೊಡುವುದು. ಎಂಟು ತಿಂಗಳಿನಿಂದ ಮುಚ್ಚಿದ ಷಟರು. ಮೊಬೈಲ್ ರಿಪೇರಿಯವರು ಬಂದು ಮಾಲೀಕನನ್ನು ಕೇಳಿ ಹೋಗಿದ್ದರು. ತಿಂಗಳ ಕೊನೆಗೆ ಇನ್ನು ಒಂದು ವಾರ.

"ಏಳಿ."

ಮಾಸ್ಟರು ಎದ್ದರು. ಬೂಟುಗಳು ಸಮನಾಗಿ ಸದ್ದು ಮಾಡಿದವು. ಕೆಂಪು ಪಟ್ಟಿ, ತಿರುವು, ಮರಳಿ ಕುರ್ಚಿ, ಇನ್ನೊಂದು ತಿರುವು, ಕೂತದ್ದು. ಅವಳು ಗುಂಡಿ ಒತ್ತಿ ನೋಡಿದಳು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು.

"ಹನ್ನೊಂದು ಪಾಯಿಂಟ್ ನಾಲ್ಕು."

"ರೈಟ್, ರೈಟ್!" ಎಂದು ಕಂಡಕ್ಟರು ಗೋಡೆ ಬಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ತಟ್ಟಲಿಲ್ಲ. ಅವಳ ಎರಡೂ ಕೈ ಬ್ಯಾಗಿನ ಪಟ್ಟಿ ಹಿಡಿದಿದ್ದವು.

ರಿಜಿಸ್ಟರಿನಲ್ಲಿ ಅಂಕಿ ಬರೆಯುವಾಗ ಮಾಸ್ಟರು ಮೇಜಿನ ಬಳಿ ಬಂದು ನಿಂತರು. "ನಿಂದು ಒಂದೇ ಅಳತೆ ಅಲ್ವೇನಮ್ಮ? ನಾವು ಒಂದು ಪ್ಯಾಂಟಿಗೆ ಏಳು ಅಳತೆ ತಗೋತೀವಿ. ಅದೂ ನಿಲ್ಲಿಸಿ ಅಳೆದ್ರೆ ಸಾಲ್ದು, ಕೂರಿಸಿ ನೋಡ್ಬೇಕು, ಬಗ್ಗಿಸಿ ನೋಡ್ಬೇಕು. ನಿಂತಾಗ ಚೆಂದ ಕಾಣೋ ಪ್ಯಾಂಟು ಕೂತ ತಕ್ಷಣ ಹಿಂದೆ ಪರ್ ಅನ್ನತ್ತೆ."

"ಗೆದ್ದ ಮೇಲೂ ತಕರಾರಾ ನಿಂದು?" ಎಂದರು ಕಂಡಕ್ಟರು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀನು ಕುಣಿದೂ ಡೊಂಕು ಅಂತೀಯಲ್ಲ ಮಾರಾಯ!"

ಅವಳೂ ನಕ್ಕಳು. ಆದರೆ ಅವಳ ನಗು ಯಾವಾಗಲೂ ಅರ್ಧಕ್ಕೆ ನಿಲ್ಲುತ್ತಿತ್ತು. ಇದೇ ಕೇಂದ್ರದಲ್ಲಿ ಒಂಬತ್ತು ವರ್ಷ ಚೀಟಿ ಬರೆದುಕೊಡುವ ಕಿಟಕಿಯಲ್ಲಿ ಕೂತಿದ್ದವಳು. ವ್ಯಾಯಾಮ ಚಿಕಿತ್ಸೆಯ ಸಂಜೆ ತರಗತಿಗಳಿಗೆ ಹೋಗಿ, ಮೂಳೆ-ಸ್ನಾಯುಗಳ ಹೆಸರಿನ ಪತ್ರಿಕೆಯಲ್ಲಿ ಒಮ್ಮೆ ನಪಾಸಾಗಿ, ಎರಡನೇ ಸಲಕ್ಕೆ ಪಾಸಾಗಿ, ಮೂವತ್ತೆಂಟನೇ ವಯಸ್ಸಿನಲ್ಲಿ ಈ ಬಿಳಿ ಕೋಟು ಹಾಕಿಕೊಂಡಿದ್ದಳು. ಅಂದಿನಿಂದ ಪ್ರತಿಯೊಂದು ಒಳ್ಳೆಯ ಅಂಕಿ ಬಂದಾಗಲೂ, ಎಲ್ಲೋ ಏನೋ ತಪ್ಪಿದ್ದೇನೆ ಎಂದೇ ಅವಳಿಗೆ ಮೊದಲು ಅನ್ನಿಸುವುದು.

ಮಗಳು ಹತ್ತಿರ ಬಂದು ಪರ್ಸಿನಿಂದ ಕೀಲಿಕೈ ತೆಗೆದಳು. ಮಾಸ್ಟರು ಕೈ ಚಾಚಿದರು. ಮಗಳು ಅದನ್ನು ಅಪ್ಪನ ಕೈಗಿಡದೆ ರಿಜಿಸ್ಟರು ಬರೆಯುತ್ತಿದ್ದ ಅವಳ ಮುಂದಿಟ್ಟಳು.

"ಫಾರ್ಮಲ್ಲಿ ಮನೆ ನೋಡಿ ಬರೋದು ಇನ್ನೂ ಬಾಕಿ ಇದೆಯಂತಲ್ಲ ಮೇಡಂ. ನೋಡಿ. ಸಹಿ ಹಾಕಿದ್ರೆ ಕೀಲಿಕೈ ನೀವೇ ಅಪ್ಪನ ಕೈಗೆ ಕೊಡಿ."

"ನನ್ನ ಕೈಯಲ್ಲಿ ಯಾಕಕ್ಕಾ..."

"ನಾನು ಕೊಟ್ರೆ ಮನಸ್ಸಿಟ್ಟು ಕೊಟ್ಟ ಹಾಗಾಗಲ್ಲ. ಅದಕ್ಕೆ."

ಮನೆ ನೋಡಲು ಹೋಗುವವರೆಗೆ ಎರಡು ದಿನ ಕೀಲಿಕೈ ಅವಳ ಬ್ಯಾಗಿನಲ್ಲಿತ್ತು. ಇದೆಯೋ ಇಲ್ಲವೋ ಎಂದು ಅವಳು ಎಷ್ಟು ಸಲ ಮುಟ್ಟಿ ನೋಡಿದಳೋ ಅವಳಿಗೇ ಗೊತ್ತಿಲ್ಲ.

*

ಮನೆಗೆ ಹೋಗುವ ಮೆಟ್ಟಿಲು ಅಂಗಡಿಯ ಪಕ್ಕದಲ್ಲೇ ಇತ್ತು. ಹದಿನಾರು ಮೆಟ್ಟಿಲು, ಎರಡೂ ಕಡೆ ಕಬ್ಬಿಣದ ಕಂಬಿ. ಅವಳು ಎಣಿಸಿ ಬರೆದುಕೊಂಡಳು. ಬೆಳಗಿನ ಹತ್ತು ಗಂಟೆ. ಮಗಳು ಆಫೀಸಿಗೆ ಹೋಗಿಯಾಗಿತ್ತು. ಮಾಸ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕತ್ತಿಗೆ ಅಳತೆಯ ಟೇಪನ್ನೂ ನೇತುಹಾಕಿಕೊಂಡು ಬಾಗಿಲು ತೆರೆದರು.

"ಬಾರಮ್ಮ ಇನ್‌ಸ್ಪೆಕ್ಟ್ರೇ. ಎಲ್ಲಿಂದ ಶುರು?"

ಬಚ್ಚಲಿನಿಂದ ಶುರು ಮಾಡಿದಳು. ಹಿಡಿಕೆಗಳನ್ನು ಜಗ್ಗಿ ನೋಡಿದಳು, ಗಟ್ಟಿಯಾಗಿದ್ದವು. ಹಾಸಿಗೆಯ ಎತ್ತರ ಸರಿಯಿತ್ತು, ಸ್ವಿಚ್ಚು ಕೈಗೆಟಕುತ್ತಿತ್ತು. ಇಡೀ ಮನೆಯಲ್ಲಿ ನೆಲದ ಮೇಲೆ ಒಂದು ಚಾಪೆಯಿಲ್ಲ, ಕಾಲೊರೆಸುವ ಬಟ್ಟೆಯಿಲ್ಲ. ಎಲ್ಲವೂ ಸುರುಳಿ ಸುತ್ತಿ ಬೀರುವಿನ ನೆತ್ತಿ ಸೇರಿದ್ದವು.

"ನನ್ನ ಮಗಳ ಕೆಲಸ," ಎಂದರು ಮಾಸ್ಟರು. "ಅಂಗಡೀಲಿ ಕಾಲಿಗೆ ಬಟ್ಟೆ ಸುತ್ಕೊಂಡು ಬಿದ್ದೆ ಅಂತ ಹೇಳಿದ್ದೆ ನೋಡು, ಆವತ್ತಿಂದ ಮನೇಲಿ ಒಂದು ಕರವಸ್ತ್ರ ಕೆಳಗೆ ಬಿದ್ರೂ ಬಿಡಲ್ಲ ಅವಳು."

ಹಜಾರಕ್ಕೆ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಗೋಡೆಗೆ ಒತ್ತಿ ಒಂದು ಕೈಯಿರುವ ಕುರ್ಚಿ. ಅದರ ಮುಂಗಾಲಿನಿಂದ ನೆಲದ ಮೇಲೆ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಲ್ಲಿ ಎಳೆದ ಒಂದು ನೇರ ಗೆರೆ. ಅದರ ಕೊನೆಗೆ ಅಡ್ಡಗೆರೆ.

"ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಮೂರು ಮೀಟರು," ಎಂದರು ಅವರು, ಟೇಪನ್ನು ತಟ್ಟಿ. "ದಿನಕ್ಕೆ ಇಪ್ಪತ್ತು ಸಲ. ಅವಳು ಆಫೀಸಿಗೆ ಹೋದ ಮೇಲೆ ಹತ್ತು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಹತ್ತು. ಅಳಿಸಿ ಹೋದಾಗೆಲ್ಲ ಕುರ್ಚೀಲಿ ಕೂತು ಕೋಲಿಗೆ ಸೀಮೆಸುಣ್ಣ ಕಟ್ಕೊಂಡು ಮತ್ತೆ ಎಳೀತಿದ್ದೆ. ಇಲ್ಲದಿದ್ರೆ ಇಪ್ಪತ್ತಾರಿಂದ ಹನ್ನೊಂದಕ್ಕೆ ಹಂಗೇ ಬರತ್ತಾ?"

ನೇರ ಗೆರೆಯನ್ನು ಅವಳು ಹೆಚ್ಚು ಹೊತ್ತು ನೋಡಲಿಲ್ಲ. ಅಡ್ಡಗೆರೆಯ ಬಳಿ ಒಂದು ಬಾಗುಗೆರೆಯಿತ್ತು, ಅಂಗಿಯ ಕಂಕುಳಿಗೆ ಹಾಕುವಂಥದು, ನಯವಾದ ಅರ್ಧಚಂದ್ರ. ಅದು ಬಲಕ್ಕೆ ಬಾಗಿತ್ತು. ಕಾಲು ಎಲ್ಲಿಟ್ಟು ತಿರುಗಬೇಕೆಂಬ ಗುರುತು. ಎಡಕ್ಕೆ ಅಂಥ ಗೆರೆ ಇರಲಿಲ್ಲ.

ಅವಳ ಕಣ್ಣ ಮುಂದೆ ಕೇಂದ್ರದ ಆ ಕೋಣೆ ಬಂತು. ಕೆಂಪು ಪಟ್ಟಿಯ ಎಡಗಡೆ ಕಡತದ ಬೀರು. ಅದರ ಮೂಲೆ ಒಂದು ಗೇಣು ಮುಂದೆ ಚಾಚಿಕೊಂಡಿದೆ. ಅಲ್ಲಿಗೆ ಹೋದ ಯಾರೇ ಆಗಲಿ ಬೀರು ತಗಲೀತೆಂದು ಬಲಕ್ಕೇ ತಿರುಗುತ್ತಾರೆ. ಪಟ್ಟಿ ಅಂಟಿಸಿದವಳು ಅವಳೇ. ಹನ್ನೊಂದು ಮಂದಿ, ಅಷ್ಟೂ ತಿಂಗಳ ಅಂಕಿ, ಎಲ್ಲವೂ ಒಂದೇ ಕಡೆಯ ಅಳತೆ! ಸಂಜೆ ತರಗತಿಯ ಎರಡನೇ ತಿಂಗಳಲ್ಲೇ ಹೇಳಿಕೊಟ್ಟಿದ್ದರು, ಎರಡೂ ಕಡೆ ತಿರುಗಿಸಿ ನೋಡಿ ಎಂದು. ನೋಟ್ಸಿನಲ್ಲಿ ಅಡಿಗೆರೆಯನ್ನೂ ಎಳೆದುಕೊಂಡಿದ್ದಳು.

ಆಮೇಲೆ ಅವಳು ಕುರ್ಚಿಯ ಕಡೆ ನೋಡಿದಳು. ಅಲ್ಲೂ ಒಂದು ಬಾಗುಗೆರೆ, ಮರಳಿ ಬಂದು ಕೂರುವ ಮುನ್ನ ತಿರುಗುವುದಕ್ಕೆ. ಅದೂ ಬಲಕ್ಕೇ. ಕೇಂದ್ರದ ಕುರ್ಚಿಯ ಹತ್ತಿರ ಯಾವ ಬೀರೂ ಇರಲಿಲ್ಲ.

"ಮಾಸ್ಟ್ರೇ," ಎಂದಳು. "ಕುರ್ಚಿ ಹತ್ರಾನೂ ನೀವು ಬಲಕ್ಕೇ ತಿರುಗ್ತೀರಾ?"

ಅವರು ಟೇಪನ್ನು ಕತ್ತಿನಿಂದ ತೆಗೆದು ಬೆರಳಿಗೆ ಸುತ್ತತೊಡಗಿದರು. "ಕೀಲಿಕೈ ತಂದಿದೀಯಾ? ಅಂಗಡಿ ನೋಡು ಬಾ. ಬೆಳಕು ಚೆನ್ನಾಗಿದೆ ಈಗ."

*

ಷಟರು ಅವಳೇ ಎತ್ತಿದಳು. ಎಂಟು ತಿಂಗಳ ಧೂಳು ತಲೆಯ ಮೇಲೆ ಉದುರಿತು. ಒಳಗೆ ಮೆಷಿನ್ ಎಣ್ಣೆಯ, ಹೊಸ ಬಟ್ಟೆಯ ವಾಸನೆ ಇನ್ನೂ ಇತ್ತು. ಉದ್ದನೆಯ ಕಿರಿದಾದ ಅಂಗಡಿ. ನಡುವೆ ಬಟ್ಟೆ ಕತ್ತರಿಸುವ ಮೇಜು. ಎಡಗೋಡೆಗೆ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್, ಅದರ ಮುಂದೆ ಸ್ಟೂಲು. ಕಂಬಿಯ ಮೇಲೆ ಹೊಲಿದಿಟ್ಟ ಬಟ್ಟೆಗಳು. ಯಾರೋ ತೆಗೆದುಕೊಂಡು ಹೋಗಲು ಬಂದು ಮುಚ್ಚಿದ ಬಾಗಿಲು ನೋಡಿ ಹೋಗಿರಬೇಕು. ಒಂದೊಂದಕ್ಕೂ ಚೀಟಿ ಚುಚ್ಚಿತ್ತು.

ಮಾಸ್ಟರು ಹೊಸ್ತಿಲು ದಾಟುವಾಗ ಬಾಗಿಲ ಪಕ್ಕದ ಕಂಬಿ ಹಿಡಿದರು, ದಾಟಿದ ಮೇಲೆ ಬಿಟ್ಟರು. ಅವಳು ಹೇಳಿಕೊಟ್ಟ ಹಾಗೆಯೇ. ಬಾಗಿಲಿನಿಂದ ಮೆಷಿನ್ನಿಗೆ ಐದಾರು ಹೆಜ್ಜೆ. ನೇರ ಹೋಗಿ ಎಡಕ್ಕೆ ತಿರುಗಿದರೆ ಸ್ಟೂಲು. ಅವರು ಹಾಗೆ ಹೋಗಲಿಲ್ಲ. ಮೇಜಿನ ಬಲಬದಿಗೆ ಹೊರಟರು, ಅಂಗಡಿಯ ಕೊನೆಯವರೆಗೆ ನಡೆದರು, ಬಟ್ಟೆಯ ಥಾನುಗಳ ಮುಂದೆ ಮೇಜಿನ ಅಂಚು ಹಿಡಿದು ಒಂದೊಂದೇ ಹೆಜ್ಜೆ ಸರಿಯುತ್ತ ಮೇಜನ್ನು ಸುತ್ತಿದರು, ಆ ಕಡೆಯಿಂದ ಬೀದಿಯ ದಿಕ್ಕಿಗೆ ನಡೆದು ಬಂದರು. ಈಗ ಮೆಷಿನ್ ಅವರ ಬಲಕ್ಕಿತ್ತು. ಸಲೀಸಾಗಿ ತಿರುಗಿ ಕೂತರು. ಕಾಲು ಪೆಡಲಿನ ಮೇಲಿಟ್ಟು ಅವಳತ್ತ ನೋಡಿದರು.

ಅವಳು ಬ್ಯಾಗಿನಿಂದ ಸೊಂಟದ ಬೆಲ್ಟು ತೆಗೆದಳು. ಅಗಲ ಬಟ್ಟೆಯ ಪಟ್ಟಿ. ರೋಗಿ ವಾಲಿದರೆ ಹಿಡಿದುಕೊಳ್ಳಲು.

"ಒಂದು ಸಲ ಬಾಗಿಲಿಂದ ನೇರ ಬಂದು ಕೂರಿ ಮಾಸ್ಟ್ರೇ. ನಾನು ಹಿಡ್ಕೊಂಡಿರ್ತೀನಿ."

"ಯಾವ ಕಡೆಯಿಂದ ಬಂದ್ರೇನಮ್ಮ? ಕೂತ್ನಲ್ಲ."

"ಒಂದೇ ಸಲ."

ಅವರು ಎದ್ದರು. ಬಾಗಿಲಿಗೆ ಹೋಗಿ ಮರಳಿ ಹೊರಟರು. ನಾಲ್ಕು ಹೆಜ್ಜೆ ಚೆನ್ನಾಗಿಯೇ ಬಿತ್ತು. ಮೆಷಿನ್ನಿನ ಬಳಿ ಬಂದು ಎಡಕ್ಕೆ ತಿರುಗಬೇಕೆನ್ನುವಾಗ ಎಡಗಾಲು ನೆಲಕ್ಕೆ ಹೊಲಿದ ಹಾಗೆ ನಿಂತುಬಿಟ್ಟಿತು. ಮೇಲಿನ ಮೈ ಮಾತ್ರ ತಿರುಗಿತು. ಅವಳು ಬೆಲ್ಟು ಹಿಡಿದು ಎಳೆದಳು. ಅವರ ಭಾರವೆಲ್ಲ ಒಂದು ಕ್ಷಣ ಅವಳ ತೋಳಿನ ಮೇಲೆ ಬಂತು. ಆಮೇಲೆ ಮೇಜಿನ ಅಂಚು ಸಿಕ್ಕಿತು.

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಗೊತ್ತಿತ್ತು ನಿಮಗೆ," ಎಂದಳು ಅವಳು.

"ಗೊತ್ತಿತ್ತು." ಅವರು ಸ್ಟೂಲಿನ ಮೇಲೆ ಕೂತರು. "ಒಳಗಡೆ ಹೊಲಿಗೆ ಯಾರು ನೋಡ್ತಾರೆ ಅಂದ್ಕೊಂಡಿದ್ದೆ."

"ಯಾವಾಗಿಂದ?"

ಅವರು ಜೇಬಿನಿಂದ ಕರವಸ್ತ್ರ ತೆಗೆದು ಮೆಷಿನ್ನಿನ ಕತ್ತು ಒರೆಸಿದರು, ಸೂಜಿಯ ಸುತ್ತ ಒರೆಸಿದರು. "ಆವತ್ತು ನೆಲದಲ್ಲಿ ಏನೂ ಇರ್ಲಿಲ್ಲ ಕಣಮ್ಮ. ಬಟ್ಟೇನೂ ಇರ್ಲಿಲ್ಲ, ದಾರಾನೂ ಇರ್ಲಿಲ್ಲ. ಮಧ್ಯಾಹ್ನ ಗುಡಿಸಿದ್ದೆ. ಬಾಗಿಲಲ್ಲಿ ಒಬ್ರನ್ನ ಕಳಿಸಿ ಬಂದು ಮೆಷಿನ್ ಕಡೆ ತಿರುಗಿದೆ, ಅಷ್ಟೇ. ದಿನಕ್ಕೆ ನೂರು ಸಲ ತಿರುಗೋ ಜಾಗ. ಐವತ್ತು ವರ್ಷ." ಕರವಸ್ತ್ರವನ್ನು ಮಡಿಸಿದರು. "ಆ ಕಂಡಕ್ಟರ್ ಹೇಳ್ತಾನಲ್ಲ, ನೆಲ ಡೊಂಕು ಅಂತ. ನೆಲ ಡೊಂಕಿರ್ಲಿಲ್ಲ. ಬಟ್ಟೆ ಸಿಕ್ಕಿ ಬಿದ್ದಿದ್ರೆ ಬಟ್ಟೇನ ಗುಡಿಸಿ ಹಾಕ್ಬಹುದಿತ್ತು. ಏನೂ ಇಲ್ದೇ ಬಿದ್ದವನು ಏನನ್ನ ಗುಡಿಸ್ಲಿ?"

ಅವಳಿಗೆ ಹೇಳಬೇಕಾದ ಮಾತುಗಳೆಲ್ಲ ಸಂಜೆ ತರಗತಿಯ ಪುಸ್ತಕದವು. ತಿರುಗುವಾಗ ಒಳಗಿನ ಕಾಲಿನ ಮೇಲೆ ಭಾರ ಬೀಳುತ್ತದೆ. ಆ ಕಾಲು ಸೋತಿದ್ದರೆ, ಅದರ ಮೇಲೆ ನಂಬಿಕೆಯೂ ಸೋತಿದ್ದರೆ, ಪಾದ ಎತ್ತಲಾಗದು. ಅವಳು ಅದನ್ನೇ ಹೇಳಿದಳು. ಅವರು ಕೇಳಿಸಿಕೊಂಡರು.

"ಐದು ದಿನ ಇದೆ," ಎಂದರು. "ಒಂದು ಕೆಲಸ ಮಾಡೋಣ. ಮೆಷಿನ್ ಆ ಗೋಡೆಗೆ ಹಾಕ್ಸ್ತೀನಿ. ಬಾಗಿಲಿಂದ ಬರೋದು, ಬಲಕ್ಕೆ ತಿರುಗೋದು, ಕೂರೋದು. ಏನು ತೊಂದ್ರೆ? ನೀನು ಬರೆದ ಅಂಕಿ ಸುಳ್ಳಲ್ವಲ್ಲ. ಹನ್ನೊಂದು ಪಾಯಿಂಟ್ ನಾಲ್ಕು ಬಂದಿದ್ದು ನಿಜ ತಾನೇ?"

ನಿಜ. ಅದೇ ಅವಳನ್ನು ಹಿಡಿದು ನಿಲ್ಲಿಸಿತ್ತು. ಫಾರ್ಮಿನಲ್ಲಿ ಎಡಕ್ಕೆ ತಿರುಗುವ ಪ್ರಶ್ನೆಯೇ ಇಲ್ಲ. ಸಹಿ ಹಾಕಿದರೆ ಯಾರೂ ಅವಳನ್ನು ಕೇಳುವವರಿಲ್ಲ. ಬೀರುವಿನ ವಿಷಯವೂ ಹೊರಬರುವುದಿಲ್ಲ. ಹಾಕದಿದ್ದರೆ ಒಬ್ಬ ಮನುಷ್ಯನ ಐವತ್ತು ವರ್ಷದ ಜಾಗದಲ್ಲಿ ಮೊಬೈಲ್ ರಿಪೇರಿಯವರು ಬಂದು ಕೂರುತ್ತಾರೆ. ಇದು ತನ್ನ ಎಚ್ಚರವೋ, ಬರೀ ಹೆದರಿಕೆಯೋ? ಹೆದರಿ ಹೆದರಿಯೇ ಬದುಕಿದವಳಿಗೆ ಎರಡರ ವ್ಯತ್ಯಾಸ ಒಂದು ದಿನವೂ ಸ್ಪಷ್ಟವಾಗಿ ಕಂಡಿರಲಿಲ್ಲ.

"ಅಂಗಡಿ ಮುಚ್ಚಿ ಮನೆಗೆ ಹೋಗೋಕೆ ಮೆಟ್ಟಿಲು ಯಾವ ಕಡೆ ಮಾಸ್ಟ್ರೇ?"

ಅವರು ಬಾಗಿಲಿನತ್ತ ನೋಡಿದರು. ಹೊರಗೆ ಹೋದರೆ ಮೆಟ್ಟಿಲು ಎಡಕ್ಕೆ.

"ಮನೇನ ಆ ಗೋಡೆಗೆ ಹಾಕ್ಸೋಕಾಗಲ್ಲ," ಎಂದಳು. ಅದು ತಮಾಷೆಯಾಗಿ ಕೇಳಿಸೀತೆಂದು ಹೆದರಿ ಮತ್ತೆ ಹೇಳಿದಳು: "ಮೊನ್ನೆ ನೀವೇ ಹೇಳಿದ್ರಿ. ನಿಲ್ಲಿಸಿ ಅಳೆದ್ರೆ ಸಾಲದು, ಕೂರಿಸಿ ನೋಡ್ಬೇಕು ಅಂತ. ನಾನು ನಿಲ್ಲಿಸಿ ಅಷ್ಟೇ ಅಳೆದಿದ್ದೆ. ತಪ್ಪು ನಂದು. ಆದ್ರೆ ಈಗ ಕಂಡ ಮೇಲೂ ಅದೇ ಅಳತೆಗೆ ಕತ್ತರಿ ಹಾಕು ಅಂದ್ರೆ ನೀವು ಹಾಕ್ತಿದ್ರಾ?"

ಮಾಸ್ಟರು ಮೆಷಿನ್ನಿನ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಸೂಜಿ ಕೆಳಗಿಳಿದು ಮೇಲೆ ಬಂತು, ಬಟ್ಟೆಯಿಲ್ಲದೆ.

"ಬಾಯಿ ನಂದು. ಅದನ್ನ ಮೊದಲು ಹೊಲೀಬೇಕಿತ್ತು," ಎಂದರು.

*

ಹೊರಗೆ ಬಂದು ಅವಳು ಮೊದಲು ಮೇಲಧಿಕಾರಿಗೆ ಫೋನು ಮಾಡಿದಳು. ಬೀರು, ಕೆಂಪು ಪಟ್ಟಿ, ಹನ್ನೊಂದು ಮಂದಿ, ಎಲ್ಲ ಹೇಳಿದಳು. ಆ ಕಡೆಯ ಹಿರಿಯ ಹೆಂಗಸು ಏನನ್ನೋ ಅಗಿಯುತ್ತ ಕೇಳಿದರು. "ಹಳೇ ಅಂಕಿಗಳ ಪಕ್ಕ 'ಬಲ' ಅಂತ ಬರೀರಿ. ಬೀರು ಪಕ್ಕಕ್ಕೆ ಸರಿಸಿ. ಮುಂದಿನ ವಾರ ಎರಡೂ ಕಡೆ ಅಳೀರಿ. ಮತ್ತೇನಾದ್ರೂ?" ಮತ್ತೇನೂ ಇರಲಿಲ್ಲ. ಮಧ್ಯಾಹ್ನವೆಲ್ಲ ಕೇಂದ್ರದಲ್ಲಿ ಕೂತು ಅವಳು ರಿಜಿಸ್ಟರಿನ ಪುಟ ಪುಟದಲ್ಲೂ 'ಬಲ' ಎಂದು ಬರೆದಳು. ಬೀರು ತಳ್ಳಿದಾಗ ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಬೆಳ್ಳಗೆ ಉಳಿಯಿತು.

ಸಂಜೆ ಆರಕ್ಕೆ ಮಗಳು ಬಸ್ಸಿಳಿದು ಬರುವಾಗ ಅವಳು ಮೆಟ್ಟಿಲ ಬುಡದಲ್ಲಿ ಕಾದಿದ್ದಳು. ಅವಳ ಕೈಯಲ್ಲಿದ್ದ ಕೀಲಿಕೈ ಮಗಳ ಕಣ್ಣಿಗೆ ಬಿತ್ತು.

"ಆಗಲ್ಲ ಅಂದ್ರಾ?"

"ಈಗ ಆಗಲ್ಲ ಅಂದೆ ಅಕ್ಕ. ತಪ್ಪು ನಂದೇ..." ಎಂದು ಮೊದಲಿನಿಂದ ಹೇಳತೊಡಗಿದಳು. ಮಗಳು ಮೆಟ್ಟಿಲ ಮೇಲೆ ಕೂತು ಕೇಳಿದಳು.

"ನಿಜ ಹೇಳ್ಲಾ ಮೇಡಂ? ಎಂಟು ತಿಂಗಳಿಂದ ಯಾರಾದ್ರೂ ಬೇಡ ಅನ್ಲಿ ಅಂತ ಕಾಯ್ತಿದ್ದೆ. ಆಫೀಸಲ್ಲಿ ಯಾರ ಫೋನ್ ರಿಂಗಾದ್ರೂ ಅಪ್ಪ ಮತ್ತೆ ಬಿದ್ರು ಅಂತಾನೇ ಅನ್ನಿಸತ್ತೆ. ನಾನೇ ಬೇಡ ಅಂದ್ರೆ ಅಪ್ಪನ ಅನ್ನ ಕಿತ್ಕೊಂಡ ಹಾಗೆ. ನೀವಂದ್ರೆ ನಂಗೆ ಸಮಾಧಾನ ಆಗತ್ತೆ ಅಂದ್ಕೊಂಡಿದ್ದೆ." ಮಗಳು ಮುಚ್ಚಿದ ಷಟರಿನ ಕಡೆ ನೋಡಿದಳು. "ಆಗ್ಲಿಲ್ಲ ನೋಡಿ."

ಮೇಲೆ ಬಾಗಿಲು ತೆರೆಯಿತು. ಮಾಸ್ಟರು ಕಂಬಿ ಹಿಡಿದು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು.

"ಅವಳನ್ನ ಬೈಬೇಡ ಕಣೇ. ಇನ್ನೊಂದು ವಿಷಯ ಇದೆ. ಆವತ್ತು ಕಾಲಿಗೆ ಯಾವ ಬಟ್ಟೇನೂ ಸಿಕ್ಕಿರ್ಲಿಲ್ಲ. ಸುಮ್ನೆ ತಿರುಗಿದೆ, ಬಿದ್ದೆ."

ಮಗಳು ತಲೆಯೆತ್ತಿ ಅಪ್ಪನನ್ನೇ ನೋಡಿದಳು. ಮುಖದಲ್ಲಿ ಏನೇನೋ ಹಾದುಹೋಯಿತು. ಕೊನೆಗೆ ಬಾಯಿಂದ ಬಂದದ್ದು ಇದು:

"ಹಾಗಿದ್ರೆ ನಾನು ಚಾಪೆಗಳನ್ನೆಲ್ಲ ಯಾಕೆ ಬೀರು ಮೇಲಿಟ್ಟೆ?"

ಮಾಸ್ಟರು ಕಂಬಿಯನ್ನು ಹೆಬ್ಬೆರಳಲ್ಲಿ ಒರೆಸತೊಡಗಿದರು.

"ಎಂಟು ತಿಂಗಳು ಅಪ್ಪ! ಎಂಟು ತಿಂಗಳಿಂದ ಬಚ್ಚಲಿಂದ ಒದ್ದೆ ಕಾಲಲ್ಲಿ ಮನೆಯೆಲ್ಲ ಓಡಾಡ್ತಿದೀವಿ! ದಿನಾ ನಾನು ನೆಲ ಒರೆಸ್ತಾ ಇದೀನಿ!"

"ಹೇಳೋಕೆ ಧೈರ್ಯ ಬರ್ಲಿಲ್ಲ ಕಣೇ."

"ಒದ್ದೆ ಕಾಲು ಇನ್ನೂ ಅಪಾಯ," ಎಂದುಬಿಟ್ಟಳು ಅವಳು, ತಡೆಯಲಾರದೆ. "ಅಡಿಯಲ್ಲಿ ರಬ್ಬರ್ ಇರೋದು ಒಂದು ಹಾಕಿ ಅಕ್ಕ."

ಮಗಳು ನಗತೊಡಗಿದಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬ್ಯಾಗಿನಿಂದ ಫೋನು ತೆಗೆದು ಬೀದಿಯ ಆ ಬದಿಗೆ ಹೋಗಿ ಮಾಲೀಕನೊಂದಿಗೆ ಮಾತಾಡಿದಳು. ಇವರಿಗೆ ಕೇಳಿಸುತ್ತಿರಲಿಲ್ಲ. ಒಂದು ಕೈ ಮಾತ್ರ ಗಾಳಿಯಲ್ಲಿ ಏನೋ ವಾದಿಸುತ್ತಿತ್ತು. ಮರಳಿ ಬಂದಾಗ ಮುಖ ಕೆಂಪಾಗಿತ್ತು.

"ಮುಂದಿನ ತಿಂಗಳ ಕೊನೆವರೆಗೆ. ಅದರ ಮೇಲೆ ಒಂದು ದಿನಾನೂ ಇಲ್ವಂತೆ." ಅವಳ ಕಡೆ ತಿರುಗಿದಳು. "ಅಷ್ಟರಲ್ಲಿ ಆಗತ್ತಾ?"

ಆಗುತ್ತದೆ ಎಂದುಬಿಡಬಹುದಿತ್ತು. "ಗೊತ್ತಿಲ್ಲ ಅಕ್ಕ," ಎಂದಳು. "ಆರು ವಾರ ಬೇಕಾಗಬಹುದು. ಹೆಚ್ಚೂ ಆಗಬಹುದು. ಆಗದೇನೂ ಇರಬಹುದು. ಆದ್ರೆ ಹಜಾರದಲ್ಲಿ ಬೇಡ, ಕೇಂದ್ರದಲ್ಲೂ ಬೇಡ. ಶನಿವಾರದಿಂದ ಅಂಗಡೀಲೇ ಅಭ್ಯಾಸ ಮಾಡೋಣ. ಬಿದ್ದ ಜಾಗದಲ್ಲೇ."

ಮೇಲಿನಿಂದ ಮಾಸ್ಟರು ಕೇಳಿದರು, "ಶನಿವಾರ ಎಷ್ಟು ಗಂಟೆಗಮ್ಮ?"

*

ಶನಿವಾರ ಮಧ್ಯಾಹ್ನ ಮಾಸ್ಟರು ಒಳಗೆ ಬಂದ ಮೇಲೆ ಷಟರನ್ನು ಸೊಂಟದವರೆಗೆ ಇಳಿಸಿದರು. ಪೂರ್ತಿ ಎತ್ತಿದರೆ ಮಾಸ್ಟರು ಬಂದರೆಂದು ಬೀದಿಯೆಲ್ಲ ಒಳಗೆ ಬಂದೀತು. ಮಗಳು ನೆಲ ಗುಡಿಸಿ ಒರೆಸಿ, ಆರಲು ಬಿಟ್ಟು, ಸೀಮೆಸುಣ್ಣ ಹಿಡಿದು ಮೊಣಕಾಲೂರಿ ಕೂತಳು.

"ಗೆರೆ ಹೇಗೆ ಎಳೀಲಿ? ನಂಗೆ ನಿನ್ನ ಹಾಗೆ ಬಾಗಿಸೋಕೆ ಬರಲ್ಲ."

ಮಾಸ್ಟರು ಮೇಜಿನ ಸೆಳೆಖಾನೆಯಿಂದ ಕಂದುಬಣ್ಣಕ್ಕೆ ತಿರುಗಿದ ರಟ್ಟಿನ ಅಚ್ಚೊಂದನ್ನು ತೆಗೆದು ಕೊಟ್ಟರು. ಅಂಗಿಯ ಕಂಕುಳಿನದು. ಮಗಳು ಅದನ್ನು ಮೆಷಿನ್ನಿನ ಮುಂದೆ ನೆಲದ ಮೇಲಿಟ್ಟಳು. ಬಾಗು ಬಲಕ್ಕಿತ್ತು.

"ಇದು ಬಲಗಡೇದು. ಎಡಗಡೇದೆಲ್ಲಿ?"

"ಎರಡು ತೋಳಿಗೆ ಎರಡು ಅಚ್ಚು ಇಟ್ಕೋತಾರೇನೇ? ಅದೇ ಅಚ್ಚು. ಮಗುಚಿ ಹಾಕು."

ಮಗಳು ಮಗುಚಿ ಹಾಕಿ ಅಂಚಿನ ಗುಂಟ ಎಳೆದಳು. ಅವಳು ಮಗಳ ಕೈಯಲ್ಲಿ ಗೆರೆಯ ಮೇಲೆ ಗೇಣು ಗೇಣಿಗೆ ಅಡ್ಡ ಗುರುತು ಹಾಕಿಸಿದಳು. ಒಂದೇ ಸಲ ತಿರುಗಬಾರದು, ಗಡಿಯಾರದ ಮುಳ್ಳು ಸರಿದ ಹಾಗೆ ಸಣ್ಣ ಸಣ್ಣ ಹೆಜ್ಜೆ. ಬೆಲ್ಟು ಬಿಗಿದಳು. ಸ್ಟಾಪ್‌ವಾಚು ಬ್ಯಾಗಿನಲ್ಲೇ ಉಳಿಯಿತು.

ಹೊರಗೆ ಒಬ್ಬ ಹೆಂಗಸು ಕಂಕುಳಲ್ಲಿ ಪ್ಯಾಂಟಿನ ಸುರುಳಿ ಇಟ್ಟುಕೊಂಡು ಹೋಗುತ್ತಿದ್ದವಳು ಅರ್ಧ ಎತ್ತಿದ ಷಟರನ್ನು ಕಂಡು ನಿಂತಳು. "ಅಂಗಡಿ ತೆಗೆದಿದೆಯಾ?" ಎಂದಳು. ಒಳಗಿನಿಂದ 'ಒಂದು' ಎಂಬ ಸಣ್ಣ ದನಿ ಬಂತು, ಸ್ವಲ್ಪ ಹೊತ್ತು ಬಿಟ್ಟು 'ಎರಡು'. ಹೆಂಗಸು ಬಗ್ಗಿ ನೋಡಿದಳು. ಮುಖಗಳು ಕಾಣಲಿಲ್ಲ. ಮೂರು ಜೋಡಿ ಕಾಲು ಕಂಡವು. ಒಂದು ಜೋಡಿ ಬರಿಗಾಲು, ಬೆರಳ ತುದಿಗೆ ಸೀಮೆಸುಣ್ಣ ಮೆತ್ತಿದ್ದು. ಒಂದು ಜೋಡಿ ಚಪ್ಪಲಿ, ಹಿಂದೆ ಹಿಂದೆ ಸರಿಯುತ್ತಿದ್ದದ್ದು. ನಡುವೆ ಲೇಸು ಬಿಗಿದ ಬೂಟು, ಅದರ ಮೇಲೆ ಇಸ್ತ್ರಿ ಮುರಿಯದ ಪ್ಯಾಂಟಿನ ಅಂಚು.

ಎಡಗಡೆಯ ಬೂಟು ಬಹಳ ಹೊತ್ತು ನಿಂತಲ್ಲೇ ಇತ್ತು. ಆಮೇಲೆ ಹಿಮ್ಮಡಿ ಎದ್ದಿತು, ತುದಿ ಎದ್ದಿತು. ಬಿಳಿ ಗೆರೆಯ ಮೇಲೆ ಒಂದು ಗೇಣು ಆಚೆಗೆ ಇಳಿಯಿತು.

ಹೆಂಗಸು ಪ್ಯಾಂಟಿನ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಕಾಯುತ್ತ ನಿಂತಳು.